ಒಂದೇ ಎದೆಗೆ ಎರಡು ಸಲ ಸಿಟಿ ಯಾಕೆ?

ಪ್ರಶ್ನೆ: ಅಪ್ಪನಿಗೆ ಆರು ವರ್ಷದಿಂದ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಟ್ಟಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಸ್ಪೈರೋಮೆಟ್ರಿಯ (ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಅಂಕಿ ಹೋದ ವರ್ಷದಷ್ಟೇ ಇದೆ, ಎಕ್ಸ್‌ರೇಯಲ್ಲಿ ಹೊಸದೇನೂ ಇಲ್ಲ ಅಂದರು. ಆದರೆ ಈಗ ಒಂದು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಾರೆ. ವೈದ್ಯರು ಒಮ್ಮೆ ಉಸಿರು ತುಂಬಿಕೊಂಡು, ಇನ್ನೊಮ್ಮೆ ಪೂರ್ತಿ ಬಿಟ್ಟು ಸಿಟಿ ಮಾಡಿಸಲು ಬರೆದಿದ್ದಾರೆ. ಒಂದು ಸಾಲದೇ?

ಉತ್ತರ (ರೇಡಿಯಾಲಜಿಸ್ಟ್): ಅಂಕಿ ಏನೇ ಹೇಳಲಿ, ಅಪ್ಪನ ಏದುಸಿರನ್ನು ನಂಬಿ. ಸ್ಪೈರೋಮೆಟ್ರಿ ಕೊಡುವುದು ಎರಡೂ ಶ್ವಾಸಕೋಶಗಳ ಒಟ್ಟು ಲೆಕ್ಕ. ಹಾನಿ ಎಲ್ಲಿದೆ, ಎಂಥದ್ದು ಎಂಬುದು ಅದರಲ್ಲಿ ಸಿಗದು.

ಉಸಿರು ತುಂಬಿಕೊಂಡಾಗಿನ ಚಿತ್ರದಲ್ಲಿ ಎಂಫಿಸಿಮಾ, ಅಂದರೆ ಗಾಳಿಗೂಡುಗಳ ಗೋಡೆ ಹರಿದುಹೋದ ಜಾಗ, ಕಪ್ಪಾಗಿ ಕಾಣುತ್ತದೆ. ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನವಾದ ಹೌನ್ಸ್‌ಫೀಲ್ಡ್‌ನಲ್ಲಿ ಮೈನಸ್ 950ಕ್ಕಿಂತ ಕೆಳಗಿನ ಭಾಗವನ್ನು ಸಾಫ್ಟ್‌ವೇರ್ ಅಳೆದು ಕೊಡುತ್ತದೆ. ತೊಡಕಿರುವುದು 2 ಮಿಲಿಮೀಟರ್‌ಗಿಂತ ಸಣ್ಣ ಶ್ವಾಸನಾಳಗಳದ್ದು. ಅವು ಸಿಟಿಯಲ್ಲಿ ನೇರವಾಗಿ ಕಾಣುವುದಿಲ್ಲ, ಆದರೆ ಎಂಫಿಸಿಮಾಕ್ಕೂ ಮೊದಲು ಕಿರಿದಾಗಿ ಇಲ್ಲವಾಗುವುದು ಅವೇ. ಹಾಗಾಗಿ ಉಸಿರು ಬಿಡಿಸಿ ನೋಡುತ್ತೇವೆ: ಹೊರಬರಬೇಕಿದ್ದ ಗಾಳಿ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿ ಸಣ್ಣ ನಾಳಗಳು ಮುಚ್ಚಿವೆ ಎಂದು ಊಹಿಸಬಹುದು. 2012ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಈ ಎರಡೂ ಚಿತ್ರಗಳನ್ನು ಬಿಂದುವಿಗೆ ಬಿಂದು ಹೊಂದಿಸಿ, ಸರಿಯಿರುವ ಭಾಗಕ್ಕೆ ಹಸಿರು, ಸಣ್ಣ ನಾಳಗಳ ರೋಗಕ್ಕೆ ಹಳದಿ, ಎಂಫಿಸಿಮಾಕ್ಕೆ ಕೆಂಪು ಬಣ್ಣ ಕೊಟ್ಟು ನಕ್ಷೆ ಮಾಡಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಚೆಂದದ ಕೆಲಸ ಅದು.

ಅದೇ ಸಿಟಿಯಲ್ಲಿ ನಾಳಗಳಿಗೆ ಕಟ್ಟಿದ ಕಫವನ್ನೂ, ಶ್ವಾಸಕೋಶದ ಅಪಧಮನಿ ಮಹಾಪಧಮನಿಗಿಂತ ಅಗಲವಾಗಿದೆಯೇ ಎಂಬುದನ್ನೂ ನೋಡುತ್ತೇವೆ. ಏದುಸಿರಿಗೆ ಹೃದಯವೂ ಕಾರಣವಿರಬಹುದು, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಪ್ರಶ್ನೆ: ವಿಕಿರಣವಿಲ್ಲದ, ಅನಿಲ ಉಸಿರಾಡಿಸಿ ಮಾಡುವ ಎಂಆರ್‌ಐ ಇದೆಯಂತೆ?

ಉತ್ತರ: ಇದೆ. ಕ್ಸೆನಾನ್-129 ಅನಿಲವನ್ನು ಎಳೆದುಕೊಂಡು ಕೆಲವು ಸೆಕೆಂಡು ಉಸಿರು ಹಿಡಿಯಬೇಕು. ಗಾಳಿ ತಲುಪದ ಕಡೆ ಚಿತ್ರ ಖಾಲಿ. ಕ್ಸೆನಾನ್ ರಕ್ತದಲ್ಲೂ ಕರಗುವುದರಿಂದ ಅನಿಲ ವಿನಿಮಯದ ಸುಳಿವೂ ಸಿಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿದೆ. ಆದರೆ ವಿಶೇಷ ಯಂತ್ರಗಳು ಬೇಕು, ಎಲ್ಲ ಕಡೆ ಸಿಗದು. ಅದಕ್ಕಾಗಿ ಸಿಟಿಯನ್ನು ಮುಂದೂಡಬೇಡಿ.

ಪ್ರಶ್ನೆ: ಸಿಟಿಯಿಂದ ಚಿಕಿತ್ಸೆ ಬದಲಾಗುತ್ತದೆಯೇ?

ಉತ್ತರ: ಇನ್‌ಹೇಲರ್ ಆಯ್ಕೆ ಹೆಚ್ಚಾಗಿ ಲಕ್ಷಣಗಳ ಮೇಲೆಯೇ. ಆದರೆ ತೀವ್ರ ಎಂಫಿಸಿಮಾದಲ್ಲಿ ಹಾನಿಯಾದ ಭಾಗಕ್ಕೆ ಗಾಳಿ ಹೋಗದಂತೆ ಶ್ವಾಸನಾಳಕ್ಕೆ ಕವಾಟ ಕೂರಿಸಬೇಕೆಂದರೆ, ಶ್ವಾಸಕೋಶದ ಹಾಲೆಗಳ (ದೊಡ್ಡ ವಿಭಾಗಗಳ) ನಡುವಿನ ಸೀಳುಗೆರೆ ಪೂರ್ತಿಯಾಗಿದೆಯೇ ಎಂದು ಸಿಟಿಯಲ್ಲಿ ನೋಡಲೇಬೇಕು. ಅದು ಅರ್ಧಂಬರ್ಧವಾಗಿದ್ದರೆ ಗಾಳಿ ಪಕ್ಕದ ಹಾಲೆಯಿಂದ ನುಸುಳಿ ಕವಾಟ ವ್ಯರ್ಥವಾಗುತ್ತದೆ.

ಪರೀಕ್ಷೆಗೆ ಮುನ್ನ ಮನೆಯಲ್ಲಿ ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡಿಯುವುದನ್ನು ಅಪ್ಪನಿಗೆ ಎರಡು ಮೂರು ಸಲ ಅಭ್ಯಾಸ ಮಾಡಿಸಿ. ಆ ಚಿತ್ರ ಕೆಡುವುದು ಬಹುತೇಕ ಅಲ್ಲೇ.