ಬಂಡೀಪುರದಲ್ಲಿ ಕೊಂಬಿಲ್ಲದ ಗಂಡು ಜಿಂಕೆ, ಯಾರಾದ್ರೂ ಕತ್ತರಿಸಿರಬಹುದಾ?

ಮೈಸೂರ್_ಮಳೆ:
ಅಕ್ಟೋಬರ್ ರಜೆಲಿ ಮನೆಯವರ ಜೊತೆ ಬಂಡೀಪುರ ಸಫಾರಿಗೆ ಹೋಗಿದ್ವಿ. ರಸ್ತೆ ಪಕ್ಕದಲ್ಲೇ ಚುಕ್ಕೆ ಜಿಂಕೆ ಹಿಂಡು ಮೇಯ್ತಿತ್ತು, ಅದರಲ್ಲಿ ಒಂದು ದೊಡ್ಡ ಗಂಡಿಗೆ ಕೊಂಬೇ ಇಲ್ಲ, ಕೊಂಬಿರಬೇಕಾದ ಜಾಗ ಹಸಿ ಗಾಯದ ಥರ ಕೆಂಪಗಿತ್ತು. ಇನ್ನೊಂದಕ್ಕೆ ಗೇಣುದ್ದದ ಮೊಂಡು ಕೊಂಬು, ಮೇಲೆಲ್ಲಾ ರೋಮ. ಅದೇ ಹಿಂಡಲ್ಲಿ ಮತ್ತೊಂದಕ್ಕೆ ಮಾತ್ರ ಪೂರ್ತಿ ಕವಲೊಡೆದ ಕೊಂಬು. ಯಾರೋ ಕತ್ತರಿಸಿಬಿಟ್ಟಿದಾರೆ ಅಂತ ಮಗಳು ಅತ್ತೇಬಿಟ್ಳು, ನನಗೂ ಸಮಾಧಾನ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಕಾಡುಹಾದಿ:
ಮಗಳಿಗೆ ಧೈರ್ಯ ಹೇಳಿ ಸರ್, ಯಾರೂ ಕತ್ತರಿಸಿಲ್ಲ, ತಾನಾಗೇ ಬಿದ್ದಿರೋದು. ನಮ್ಮ ಭಾಷೇಲಿ ಎಲ್ಲದಕ್ಕೂ ಕೊಂಬು ಅಂತೀವಲ್ಲ ಅದಕ್ಕೇ ಈ ಗೊಂದಲ ಆಗೋದು. ಹಸು, ಕಾಟಿ, ಕೃಷ್ಣಮೃಗದ ಕೊಂಬು ಸಾಯೋವರೆಗೂ ಇರುತ್ತೆ, ಚುಕ್ಕೆ ಜಿಂಕೆ, ಕಡವೆದು ಹಾಗಲ್ಲ, ಅದು ಬರೀ ಮೂಳೆ, ಉದುರಿ ಮತ್ತೆ ಹುಟ್ಟುತ್ತೆ. ಇದನ್ನ ನಡೆಸೋದು ವೃಷಣದಿಂದ ಬರೋ ಟೆಸ್ಟೋಸ್ಟಿರಾನ್. ಅದು ಏರಿದಾಗ ಕೊಂಬು ಗಟ್ಟಿಯಾಗಿ ಮೇಲಿನ ರೋಮದ ಚರ್ಮ ಒಣಗುತ್ತೆ, ಜಿಂಕೆ ಅದನ್ನ ಗಿಡಕ್ಕೆ ಉಜ್ಜಿ ಉಜ್ಜಿ ಕಿತ್ತುಹಾಕುತ್ತೆ, ಆಗ ವೃಷಣವೂ ದೊಡ್ಡದಾಗಿರುತ್ತೆ, ವೀರ್ಯವೂ ಚೆನ್ನಾಗಿರುತ್ತೆ, ಕುತ್ತಿಗೆ ದಪ್ಪ ಆಗುತ್ತೆ, ಹೆಣ್ಣಿನ ಹಿಂದೆ ಅಲೆಯೋದು ಜಗಳ ಆಡೋದು ಎಲ್ಲಾ ಆಗಲೇ. ಹಾರ್ಮೋನ್ ಇಳಿದಾಗ ವೃಷಣ ಕುಗ್ಗುತ್ತೆ, ಕೊಂಬಿನ ಬುಡದ ಮೂಳೆ ಸವೆದು ಕೊಂಬು ಕಳಚಿ ಬೀಳುತ್ತೆ. ನೀವು ನೋಡಿದ ಕೆಂಪು ಆ ಬುಡದ್ದು, ಬೇಗ ಮಾಯುತ್ತೆ. ರೋಮ ಇದ್ದ ಮೊಂಡು ಕೊಂಬು ಹೊಸದಾಗಿ ಬೆಳೀತಿರೋದು, ಒಳಗೆ ರಕ್ತ ಹರೀತಿರುತ್ತೆ, ಮುಟ್ಟಿದ್ರೆ ಬೆಚ್ಚಗಿರುತ್ತೆ.

ಬೀಜ ಒಡೆದ ಎತ್ತು ನೋಡಿರ್ತೀರಲ್ಲ, ಅದಕ್ಕೆ ಕೊಂಬು ಇದ್ದೇ ಇರುತ್ತೆ. ಗಂಡು ಜಿಂಕೆಗೆ ಹಾಗೆ ಮಾಡಿದ್ರೆ ಇದ್ದ ಗಟ್ಟಿ ಕೊಂಬು ಬಿದ್ದುಹೋಗುತ್ತೆ, ಆಮೇಲೆ ಬರೋದು ಯಾವತ್ತೂ ಗಟ್ಟಿ ಆಗಲ್ಲ, ರೋಮ ಹೊತ್ಕೊಂಡೇ ಉಳಿಯುತ್ತೆ. ನನಗಂತೂ ಇದು ಓದಿದಾಗ ಮೈ ಜುಮ್ಮೆಂದಿತ್ತು.

ಮೈಸೂರ್_ಮಳೆ:
ತುಂಬಾ ಥ್ಯಾಂಕ್ಸ್ ಸರ್, ಈಗ ಮನಸ್ಸು ಹಗುರ ಆಯ್ತು. ಆದ್ರೆ ಒಂದೇ ಹಿಂಡಲ್ಲಿ ಮೂರಕ್ಕೆ ಮೂರು ಥರ ಹೇಗೆ? ಇಂಗ್ಲೆಂಡಲ್ಲಿರೋ ನಮ್ಮ ಭಾವ ಹೇಳ್ತಾರೆ ಅಲ್ಲಿ ಕೆಂಪು ಜಿಂಕೆಗಳಿಗೆಲ್ಲಾ ಒಂದೇ ಸಲ ಬೀಳುತ್ತಂತೆ.

ಸೋಲಿಗರ_ನೆರೆಯವಳು:
ಅಣ್ಣ, ಅಲ್ಲಿ ಹಗಲು ಉದ್ದ ಆಗೋದು ಗಿಡ್ಡ ಆಗೋದು ನೋಡ್ಕೊಂಡು ಎಲ್ಲಾ ಗಂಡುಗಳ ಹಾರ್ಮೋನ್ ಒಟ್ಟಿಗೆ ಏರಿಳಿಯುತ್ತೆ, ಮರಿ ತಪ್ಪು ಕಾಲದಲ್ಲಿ ಹುಟ್ಟಿದ್ರೆ ಚಳಿಗೆ ಸತ್ತೇ ಹೋಗುತ್ತೆ. ನಮ್ಮ ಕಡೆ ಹಗಲಿನ ವ್ಯತ್ಯಾಸ ಕಡಿಮೆ, ಚಳಿ ಕೊಲ್ಲಲ್ಲ, ಹಾಗಾಗಿ ಒಂದೊಂದು ಗಂಡಿಗೂ ಅದರದ್ದೇ ಲೆಕ್ಕ. ಬೇಸಿಗೆಲಿ ಗಟ್ಟಿ ಕೊಂಬಿನವು ಜಾಸ್ತಿ, ಮಳೆಗಾಲ ಕಳೀತಾ ಬೋಳು ತಲೆಯವು ಜಾಸ್ತಿ, ಆದ್ರೆ ವರ್ಷದ ಯಾವ ತಿಂಗಳು ಹೋದ್ರೂ ಎರಡೂ ಸಿಗುತ್ತೆ. ಗಬ್ಬ ಸುಮಾರು ಏಳೂವರೆ ಎಂಟು ತಿಂಗಳು, ಅದಕ್ಕೇ ಮೇ ತಿಂಗಳಲ್ಲಿ ಕೂಡಿದ್ರೆ ಜನವರಿ ಹೊತ್ತಿಗೆ ಮರಿ.

ಇನ್ನೊಂದು ಮಾತು, ಬಿದ್ದ ಕೊಂಬು ಸಿಕ್ಕಿದ್ರೆ ದಯವಿಟ್ಟು ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು ಅನ್ನೋದು ಒಂದು ಕಡೆ, ಅದು ಕಾಡಿನದ್ದೇ ಊಟ ಅನ್ನೋದು ಇನ್ನೊಂದು, ಮುಳ್ಳುಹಂದಿ ಕಡಿದು ತಿನ್ನುತ್ತೆ, ಸುಣ್ಣದಂಶಕ್ಕೆ ಜಿಂಕೆಗಳೇ ಅಗಿಯೋದೂ ಉಂಟು.

ಕಾಡುಹಾದಿ:
ಸರಿಯಾಗಿ ಹೇಳಿದ್ರಿ ಅಕ್ಕ. ಸರ್, ಮಗಳನ್ನ ಏಪ್ರಿಲ್ ಕೊನೇಲಿ ಒಂದ್ಸಲ ಕರ್ಕೊಂಡು ಹೋಗಿ, ಬೆಳಗಿನ ಸಫಾರಿ. ಗಂಡು ಹಿಂಗಾಲ ಮೇಲೆ ಎದ್ದು ನಿಂತು ಕೊಂಬೆಗೆ ಮುಖ ಉಜ್ಜಿ ವಾಸನೆ ಬಿಡುತ್ತೆ, ಗಂಟಲಿಂದ ಗಡಸಾಗಿ ಕೂಗುತ್ತೆ. ಈ ಸಲ ನೋಡಿದ ಬೋಳು ತಲೆಯದ್ದೇ ಅಲ್ಲಿ ನಿಂತಿದ್ರೂ ಗುರುತು ಸಿಗಲ್ಲ.