ಮರು: ‘ಸಾಂಪ್ರದಾಯಿಕ್ ದಂಗೇ’ – ಸಬ್‌ಟೈಟಲ್‌ಗೆ ಕನ್ನಡ ಪದ ಬೇಕು (ತುರ್ತು)

ಮಾನ್ಯರೇ,

ಹಿಂದಿ ಸಾಕ್ಷ್ಯಚಿತ್ರವೊಂದರಲ್ಲಿ ಬರುವ ‘ಸಾಂಪ್ರದಾಯಿಕ್ ದಂಗೇ’ ಎಂಬ ಮಾತಿಗೆ ಕನ್ನಡ ಪದ ಕೇಳಿದ್ದೀರಿ, ಶನಿವಾರದ ಪ್ರದರ್ಶನದೊಳಗೆ ಸಬ್‌ಟೈಟಲ್ ಮುಗಿಯಬೇಕು ಎಂದಿದ್ದೀರಿ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಕೋಮುಗಲಭೆ’ ಎಂದು ಬರೆಯಿರಿ. ಹಿಂದಿಯ ಪದಗಳನ್ನೇ ಉಳಿಸಿಕೊಂಡು ‘ಸಾಂಪ್ರದಾಯಿಕ ದಂಗೆ’ ಎಂದರೆ ಕನ್ನಡದ ಪ್ರೇಕ್ಷಕರಿಗೆ ಅದು ಹಿಂದಿನಿಂದ ನಡೆದುಬಂದ ಯಾವುದೋ ಬಂಡಾಯವೆಂದು ತೋರುತ್ತದೆ. ನಮ್ಮಲ್ಲಿ ಸಾಂಪ್ರದಾಯಿಕವಾಗಿರುವುದು ಉಡುಗೆ ಅಡುಗೆಗಳು. ದಂಗೆ ಎದ್ದವರು ಸಿಪಾಯಿಗಳು.

‘ಕೋಮು’ ಅರಬ್ಬಿಯ ‘ಕೌಮ್’ನಿಂದ ಬಂದದ್ದು, ಆದ್ದರಿಂದ ‘ಮತೀಯ ಗಲಭೆ’ಯೇ ಆಗಬೇಕು ಎಂದು ಇಲ್ಲಿ ಈಗಾಗಲೇ ಒಬ್ಬರು ತೀರ್ಪಿತ್ತಿದ್ದಾರೆ. ವ್ಯುತ್ಪತ್ತಿ ಸರಿ, ತೀರ್ಪು ಸಲ್ಲದು. ‘ಮತ’ವೂ ಸಂಸ್ಕೃತದಿಂದ ಬಂದ ಎರವಲೇ. (ಅವರು ಎತ್ತಿರುವ ‘ತಕರಾರು’ ಕೂಡ ಅರಬ್ಬಿ ಮೂಲದ್ದು.) ಮೇಲಾಗಿ ‘ಮತ’ಕ್ಕೆ ವೋಟು ಎಂಬ ಅರ್ಥವೂ ಇರುವುದರಿಂದ, ಚುನಾವಣೆಯ ಮಾತು ಮತ್ತೆ ಮತ್ತೆ ಬರುವ ಚಿತ್ರದಲ್ಲಿ ‘ಮತಕ್ಕಾಗಿ ಹೀಗೆ ಮಾಡಿದರು’ ಎಂಬ ಸಾಲು ತೆರೆಯ ಮೇಲೆ ನಿಲ್ಲುವ ಎರಡು ಮೂರು ಸೆಕೆಂಡುಗಳಲ್ಲಿ ಯಾರಿಗೂ ಬಗೆಹರಿಯುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ‘ಮತೀಯ’ ಎಂದೊಡನೆ ನಂಬಿಕೆಯೇ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ಈ ಬಗೆಯ ಚಿತ್ರಗಳಲ್ಲಿ ಉತ್ತಮವಾದವು ಹಾಗೆ ಮಾಡುವುದಿಲ್ಲ. ಆನಂದ್ ಪಟವರ್ಧನ್ ಅವರ ‘ರಾಮ್ ಕೆ ನಾಮ್’ ಸಾಕ್ಷ್ಯಚಿತ್ರವನ್ನೇ ನೋಡಿ. ಅಡ್ವಾಣಿಯವರ 1990ರ ರಥಯಾತ್ರೆಯನ್ನೂ ಅಯೋಧ್ಯೆಯ ರಾಮಮಂದಿರ ಚಳವಳಿಯನ್ನೂ ಹಿಂಬಾಲಿಸುವ ಈ ಚಿತ್ರದಲ್ಲಿ ಆ ಚಳವಳಿಯನ್ನು ಕಟುವಾಗಿ ಟೀಕಿಸುವವರಲ್ಲಿ ಒಬ್ಬರು, ಅದೇ ವಿವಾದಿತ ಸ್ಥಳದ ಪೂಜೆಗೆ ನ್ಯಾಯಾಲಯ ನೇಮಿಸಿದ್ದ ಅರ್ಚಕ ಲಾಲ್‌ದಾಸ್. ಇದೆಲ್ಲ ಹಣ ಮತ್ತು ಅಧಿಕಾರದ ಆಟವೆಂದು ಅವರು ಹೇಳುವುದು ರಾಮನನ್ನು ಪೂಜಿಸುವವರಾಗಿಯೇ. 1993ರಲ್ಲಿ ಅವರ ಕೊಲೆಯಾಯಿತು. ಅವರ ಮಾತಿನ ಕೆಳಗೆ ‘ಮತೀಯ ರಾಜಕಾರಣ’ ಎಂದು ಬರೆದರೆ, ಭಕ್ತಿಗೂ ಭಕ್ತಿಯ ಹೆಸರಿನ ರಾಜಕಾರಣಕ್ಕೂ ಅವರು ಎಳೆದ ಗೆರೆಯನ್ನು ನಾವೇ ಅಳಿಸಿದಂತಾಗುತ್ತದೆ. ‘ಕೋಮು’ ಜನಸಮುದಾಯವನ್ನಷ್ಟೇ ಹೆಸರಿಸುತ್ತದೆ. ದೇವರ ತಂಟೆಗೆ ಹೋಗುವುದಿಲ್ಲ.

ಹಳೆಯ ಮೈಸೂರಿನ ಕಡೆ ‘ಯಾವ ಕೋಮಿನವರು?’ ಎಂದರೆ ಜಾತಿಯನ್ನು ಕೇಳಿದಂತೆ ಎಂಬುದು ನಿಜ. ಜಾತಿಗಳ ನಡುವಿನ ಘರ್ಷಣೆಯ ಪ್ರಸ್ತಾಪ ಬಂದ ಕಡೆ ‘ಜಾತಿ’ ಎಂದೇ ಬರೆದರೆ ಗೊಂದಲವಿರದು.

ನಿಮ್ಮದು ಯಾವ ಚಿತ್ರವೆಂದು ತಿಳಿಸಿಲ್ಲ. ರಾಕೇಶ್ ಶರ್ಮ ಅವರ ‘ಫೈನಲ್ ಸೊಲ್ಯೂಷನ್’ನಂತೆ, ಅಂದರೆ 2004ರಲ್ಲಿ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿ ಅದೇ ವರ್ಷ ಕೊಟ್ಟ ಆ ಚಿತ್ರದಂತೆ, 2002ರ ಗುಜರಾತಿನ ಹಿಂಸಾಚಾರಕ್ಕೆ ಸಂಬಂಧಿಸಿದ್ದಾದರೆ ಇನ್ನೊಂದು ಎಚ್ಚರ ಬೇಕು. ಮಾತನಾಡುವವರು ‘ದಂಗಾ’ ಎಂದಲ್ಲಿ ‘ಗಲಭೆ’, ‘ಕತ್ಲೇಆಮ್’ ಎಂದಲ್ಲಿ ‘ಹತ್ಯಾಕಾಂಡ’ ಎಂದು ಬರೆಯಿರಿ, ಎರಡನ್ನೂ ಸಮಮಾಡಬೇಡಿ. ಸಾಕ್ಷ್ಯಚಿತ್ರದಲ್ಲಿ ಪದವನ್ನು ಆರಿಸುವ ಹಕ್ಕು ಸಾಕ್ಷಿ ನುಡಿಯುವವರದು.

ನೀವು ಕೇಳಿದ ಇನ್ನೊಂದು ಸಾಲು, ‘ಸಾಂಪ್ರದಾಯಿಕ್ ತಾಕತೇಂ’. ಅದಕ್ಕೆ ‘ಕೋಮುವಾದಿ ಶಕ್ತಿಗಳು’ ಸಾಕು. ‘ಮತಾಂಧ’ ಎಂದು ಸೂಚಿಸಿದವರು ಮಾತಿನಲ್ಲಿಲ್ಲದ ತಮ್ಮ ಸಿಟ್ಟನ್ನು ಅದಕ್ಕೆ ಸೇರಿಸಿದ್ದಾರೆ.