ನಿಯಾಂಡರ್ತಾಲರು ಬರೀ ಮಾಂಸ ತಿಂದು ಬದುಕಿದ್ದರೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)
ಆದಿಮಾನವರ ಪಾಠ ಮಾಡುವಾಗ ಮಕ್ಕಳು ಕೇಳಿದ ಪ್ರಶ್ನೆಯಿದು. ನಿಯಾಂಡರ್ತಾಲರ ಮೂಳೆಗಳಲ್ಲಿ ನೈಟ್ರೋಜನ್-15 (ಮಾಂಸಾಹಾರ ಹೆಚ್ಚಿದಷ್ಟೂ ಮೈಯಲ್ಲಿ ಏರುವ, ತುಸು ಭಾರದ ನೈಟ್ರೋಜನ್) ಪ್ರಮಾಣವು ಬೇಟೆಯಾಡುವ ಪ್ರಾಣಿಗಳಲ್ಲಿರುವಂತೆ ಅಧಿಕವಾಗಿರುವುದರಿಂದ ಅವರು ಪೂರ್ಣ ಮಾಂಸಾಹಾರಿಗಳೆಂದು ಒಂದೆಡೆ ಓದಿದ್ದೆ. ಸ್ಪೇನಿನ ಎಲ್ ಸಿಡ್ರಾನ್ ಗುಹೆಯವರು ಅಣಬೆ, ಪೈನ್ ಬೀಜ, ಪಾಚಿ ತಿನ್ನುತ್ತಿದ್ದರೆಂದು ಇನ್ನೊಂದೆಡೆ ಓದಿದೆ. ಎರಡೂ ನಿಜವಾಗಿರಲು ಸಾಧ್ಯವೇ?

ಉತ್ತರ (ಸಾಗರದಿಂದ)
ಸಾಧ್ಯವಿದೆ ಸರ್. ಆ ನೈಟ್ರೋಜನ್ ಪರೀಕ್ಷೆ ನಡೆಯುವುದು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಮೇಲೆ, ಅದರಲ್ಲಿ ದಾಖಲಾಗುವುದು ಮುಖ್ಯವಾಗಿ ಪ್ರೋಟೀನಿನ ಮೂಲ. ಮಳೆಗಾಲವಿಡೀ ಕಳಲೆ, ಕೆಸುವಿನ ಸೊಪ್ಪು ತಿಂದು, ನಡುನಡುವೆ ಏಡಿ ಸಾರು ಉಂಡ ನಮ್ಮ ಕಡೆಯವರ ಮೂಳೆಯಲ್ಲೂ, ಪ್ರೋಟೀನ್ ಕಡಿಮೆಯಿರುವ ಸೊಪ್ಪಿಗಿಂತ ಏಡಿಯ ಗುರುತೇ ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಮಾಂಸ ಗೌಣವಾಗಿತ್ತು ಎನ್ನಲಾಗದು. ಜರ್ಮನಿಯ ನೊಯ್ಮಾರ್ಕ್-ನೋರ್ಡ್‌ನಲ್ಲಿ ಸುಮಾರು 1,25,000 ವರ್ಷಗಳ ಹಿಂದೆ ಅವರು ನೇರ ದಂತದ ಆನೆಗಳನ್ನೇ ಬೇಟೆಯಾಡಿ ಕಡಿದಿದ್ದಾರೆ.

ಉತ್ತರ (ಶಿವಮೊಗ್ಗದಿಂದ)
ಇಡೀ ಜನಾಂಗಕ್ಕೆ ಒಂದೇ ಊಟ ಹುಡುಕುವುದೇ ತಪ್ಪು ದಾರಿಯೆಂದು ನನ್ನ ಅಭಿಪ್ರಾಯ. ಎಲ್ ಸಿಡ್ರಾನ್ ವರದಿ ಬಂದ 2017ರ ಅದೇ ಅಧ್ಯಯನದಲ್ಲಿ, ಬೆಲ್ಜಿಯಂನ ಸ್ಪೀ ಗುಹೆಯವರ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕೊಳೆಯಲ್ಲಿ ಉಣ್ಣೆಯ ಖಡ್ಗಮೃಗ ಮತ್ತು ಕಾಡುಕುರಿಯ ಡಿಎನ್ಎ ಸಿಕ್ಕಿತ್ತು. ಸ್ಪೀ ಕಡೆ ಹುಲ್ಲುಗಾವಲು, ಎಲ್ ಸಿಡ್ರಾನ್ ಕಡೆ ಕಾಡು. ಪೋರ್ಚುಗಲ್ಲಿನ ಫಿಗೇರಾ ಬ್ರಾವಾ ಕರಾವಳಿಯಲ್ಲಿ ಚಿಪ್ಪುಜೀವಿ, ಮೀನು, ಕೆಂಡದಲ್ಲಿ ಸುಟ್ಟ ಏಡಿ. ಇರಾಕಿನ ಶಾನಿದಾರ್‌ನ ಒಬ್ಬನ ಹಲ್ಲಿನಲ್ಲಿ ಬೇಯಿಸಿದ ಹುಲ್ಲುಧಾನ್ಯದ ಪಿಷ್ಟವೂ ದೊರೆತಿದೆ. ಆದರೆ ಎಲ್ ಸಿಡ್ರಾನ್‌ನವರು ಮಾಂಸವನ್ನೇ ಮುಟ್ಟಲಿಲ್ಲವೆಂದು ಮಕ್ಕಳಿಗೆ ಹೇಳಬೇಡಿ: ಹಲ್ಲಿನ ಕೆಲವೇ ಮಾದರಿಗಳಲ್ಲಿ ಒಂದು ಆಹಾರದ ಗುರುತು ಸಿಗದ ಮಾತ್ರಕ್ಕೆ ಅದನ್ನು ತಿನ್ನಲಿಲ್ಲ ಎಂದಾಗದು.

ಉತ್ತರ (ಕೊಪ್ಪದಿಂದ)
ಕೊಬ್ಬಿನ ವಿಷಯವನ್ನೂ ಸೇರಿಸಬೇಕು. ಮನುಷ್ಯನ ಯಕೃತ್ತು ಮಿತಿಮೀರಿದ ಪ್ರೋಟೀನನ್ನು ನಿಭಾಯಿಸಲಾರದು. ಬರೀ ಕೊಬ್ಬಿಲ್ಲದ ಮಾಂಸ ತಿಂದವನು ಹೊಟ್ಟೆ ತುಂಬಿದ್ದರೂ ಸೊರಗುತ್ತಾನೆ. ನೊಯ್ಮಾರ್ಕ್-ನೋರ್ಡ್‌ನಲ್ಲಿ ಮೂಳೆಗಳನ್ನು ಚೂರುಚೂರಾಗಿ ಒಡೆದು, ನೀರಿನಲ್ಲಿ ಕಾಯಿಸಿ ಕೊಬ್ಬು ತೆಗೆದಿರಬೇಕೆಂಬ ವರದಿ 2025ರಲ್ಲಿ ಬಂದದ್ದು ಇದಕ್ಕೆ ಹೊಂದುತ್ತದೆ. ಅದೇ ವರ್ಷ ಇನ್ನೊಂದು ವಾದವೂ ಬಂತು (ಊಟದ ಹೊತ್ತಿನಲ್ಲಿ ಓದುತ್ತಿರುವವರು ಕ್ಷಮಿಸಬೇಕು): ಕೊಳೆತ ಮಾಂಸದಲ್ಲಿ ಬೆಳೆದ ಹುಳುಗಳಲ್ಲಿ ನೈಟ್ರೋಜನ್-15 ವಿಪರೀತ ಹೆಚ್ಚಿರುವುದರಿಂದ, ಕೂಡಿಟ್ಟ ಮಾಂಸದ ಜೊತೆಗೆ ಹುಳುಗಳನ್ನೂ ತಿಂದಿದ್ದರೆ ಮೂಳೆಯಲ್ಲಿ ಅದರ ಪ್ರಮಾಣ ತಾನಾಗಿ ಏರುತ್ತದೆ. ಆ ಹುಳುಗಳಲ್ಲಿ ಕೊಬ್ಬೂ ಇರುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಹುಳುವಿನ ಸಂಗತಿಯನ್ನು ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆಯೇ ಹೇಳುತ್ತೇನೆ.